ಬಂಡೆ ಬರೆಯುವಾಗ ಬಿರುಕಿನಿಂದ ಶುರು ಮಾಡಬೇಡಿ

ಬಂಡೆಗಳ ಚಿತ್ರ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಬಿರುಕುಗಳಿಗೆ. ಚಿತ್ರ ಕೆಡುವುದೂ ಅಲ್ಲಿಂದಲೇ. ಬಿರುಕು ಮೇಲ್ಮೈಯ ಗುರುತು ಅಷ್ಟೆ. ಬಂಡೆಗೆ ಮೈ ಬರುವುದು ಅದರ ಮುಖಗಳಿಂದ: ಆಕಾಶಕ್ಕೆ ಒಡ್ಡಿದ ಮೇಲ್ಭಾಗ, ಬಿಸಿಲಿನ ಪಕ್ಕ, ನೆರಳಿನ ಪಕ್ಕ. ಮೂರು ಮುಖಕ್ಕೆ ಮೂರು ಛಾಯೆ ಸಾಕು. ಫ್ರೆಂಚ್ ಚಿತ್ರಕಾರ ಸೆಜಾನ್ 1890ರ ದಶಕದಲ್ಲಿ ಬರೆದ, ದಕ್ಷಿಣ ಫ್ರಾನ್ಸಿನ ಬಿಬೆಮಸ್ ಕಲ್ಲುಗಣಿಯ ಚಿತ್ರಗಳನ್ನು ನೋಡಿ. ಪಕ್ಕಪಕ್ಕದ ಬಣ್ಣದ ತೇಪೆಗಳೇ ಅಲ್ಲಿ ಕಲ್ಲಾಗಿ ನಿಲ್ಲುತ್ತವೆ.

ಚಿತ್ರದ ಭಾವ ಬಣ್ಣ ಕಲಸುವ ಮೊದಲೇ ತೀರ್ಮಾನವಾಗಬೇಕು. ಕಣ್ಣು ಅರೆಮುಚ್ಚಿ ನೋಡುತ್ತಾ, ಅಂಗೈಯಗಲದ ಚೌಕಟ್ಟಿನಲ್ಲಿ ಪೆನ್ಸಿಲ್‌ನಿಂದ ಕಪ್ಪು, ನಡುಛಾಯೆ, ಬಿಳಿ ಮಾತ್ರ ತುಂಬಿ. ಸುಮಾರು 60 ಭಾಗ ಕಪ್ಪು, 30 ನಡುಛಾಯೆ, 10 ಬೆಳಕು ಇಟ್ಟರೆ ದೃಶ್ಯ ಗಂಭೀರವಾಗುತ್ತದೆ. ಮೂರೂ ಛಾಯೆಗಳನ್ನು ಒಂದಕ್ಕೊಂದು ಹತ್ತಿರ ತಂದರೆ ಮಂಜು ಕವಿದ ಶಾಂತಿ. ಕಪ್ಪು-ಬಿಳಿ ಅರ್ಧರ್ಧ ಹಂಚಿದರೆ ಯಾವ ಭಾವವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ದಿಗಂತವನ್ನು ಮೇಲಕ್ಕೇರಿಸಿದರೆ ಬಂಡೆಗಳ ಭಾರ ಹೆಚ್ಚುತ್ತದೆ, ಇಳಿಸಿದರೆ ಬಯಲು ತೆರೆದುಕೊಳ್ಳುತ್ತದೆ. ಇಂಥ ಪುಟ್ಟ ಕರಡು ನಾಲ್ಕಾದರೂ ಆಗಲಿ.

ಬೂದುಬಣ್ಣಕ್ಕೆ ಕಪ್ಪು-ಬಿಳಿ ಬೆರೆಸಬೇಡಿ, ಕಲ್ಲು ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಕಲಸಿ, ಟೈಟಾನಿಯಂ ಬಿಳಿಯಿಂದ ತಿಳಿಮಾಡಿ. ನೆರಳಿನ ಪಕ್ಕಕ್ಕೆ ನೀಲಿ ತುಸು ಮುಂದಿರಲಿ, ಬಿಸಿಲಿನ ಪಕ್ಕಕ್ಕೆ ಸಿಯೆನ್ನಾ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಹಾಗಾಗಿ ಚೂರು ಕಾಗದದ ಮೇಲೆ ಹಚ್ಚಿ, ಒಣಗಿಸಿ ನೋಡಿಕೊಳ್ಳಿ.

30×40 ಸೆಂ.ಮೀ. ಕ್ಯಾನ್ವಾಸಿಗೆ 25 ಮಿ.ಮೀ. ಚಪ್ಪಟೆ ಬ್ರಷ್ ಸರಿಹೋಗುತ್ತದೆ. ಸಣ್ಣ ಬ್ರಷ್ ಕೈಗೆ ಸಿಕ್ಕರೆ ವಿವರಗಳತ್ತ ಮನಸ್ಸು ಓಡುತ್ತದೆ. ಒಂದು ಮುಖವನ್ನು ಒಂದೆರಡು ಎಳೆತದಲ್ಲಿ ಮುಗಿಸಿ ಬಿಟ್ಟುಬಿಡಿ. ತಿಕ್ಕಿ ನಯಮಾಡಿದರೆ ಮುಖಗಳ ನಡುವಿನ ಅಂಚು ಕರಗಿ ಬಂಡೆ ಹತ್ತಿಯ ಮೂಟೆಯಾಗುತ್ತದೆ. ಅಕ್ಕಪಕ್ಕದ ಬಂಡೆಗಳ ನೆರಳುಗಳನ್ನು ಮಾತ್ರ ಧಾರಾಳವಾಗಿ ಒಂದಕ್ಕೊಂದು ಕೂಡಿಸಿ, ಒಂದೇ ದೊಡ್ಡ ಆಕಾರವಾಗಲಿ. ನನ್ನ ಮಟ್ಟಿಗೆ ಸರಳೀಕರಣದ ತಿರುಳೇ ಇದು: ಬಂಡೆ ಬಂಡೆಯನ್ನೂ ಗೆರೆಯೆಳೆದು ಬೇರ್ಪಡಿಸಿದರೆ ಎಣಿಕೆ ಸಿಗುತ್ತದೆ, ಭಾವ ಸಿಗುವುದಿಲ್ಲ. ಹರಿತ ಅಂಚನ್ನು ಕಣ್ಣು ನಿಲ್ಲಬೇಕಾದ ಒಂದೆರಡು ಕಡೆಗೆ ಮೀಸಲಿಡಿ.

ಬಂಡೆಗಳೆಲ್ಲ ಒಂದೇ ಅಳತೆಯಲ್ಲಿ, ಸಮ ಅಂತರದಲ್ಲಿ ಕೂತಿದ್ದರೆ ಒಂದನ್ನು ಹಿಗ್ಗಿಸಿ, ಎರಡನ್ನು ಅದಕ್ಕೆ ಅಂಟಿಸಿ. ಬಿರುಕಿನ ಸರದಿ ಆಮೇಲೆ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಮಾತ್ರ, ದಪ್ಪ-ತೆಳು ಬದಲಿಸುತ್ತಾ, ಎರಡೋ ಮೂರೋ ಗೆರೆ ಎಳೆಯಿರಿ.