ಹುಮ್ಮಸ್ಸು ಎಲ್ಲಿಂದ ಬರುತ್ತೆ ಅಂತ ಕೇಳುವವರಿಗೆ

"ಚರ್ಚಿನಲ್ಲಿ ಒಂದು ಪೈಸೆ ಸಂಬಳ ಇಲ್ಲದೆ ಇಷ್ಟೆಲ್ಲ ದುಡಿಯುತ್ತೀರಲ್ಲ, ಆ ಹುಮ್ಮಸ್ಸು ಎಲ್ಲಿಂದ ಬರುತ್ತೆ?" ಇದನ್ನು ಕೇಳುವವರು ಸಾಮಾನ್ಯವಾಗಿ ಕೂತೇ ಕೇಳುತ್ತಾರೆ. ಅಷ್ಟು ಹೊತ್ತಿಗೆ ನನ್ನ ಎರಡೂ ಕೈಯಲ್ಲಿ ಕುರ್ಚಿ ಇರುತ್ತದೆ. "ದೇವರ ಕೃಪೆ" ಅಂದು ಮುಂದೆ ಹೋಗುತ್ತೇನೆ. ಸುಳ್ಳೇನಲ್ಲ, ಆದರೆ ಕುರ್ಚಿ ಭಾರವಾಗಿರುತ್ತಲ್ಲ, ಅದಕ್ಕೇ ಅಷ್ಟು ಚಿಕ್ಕ ಉತ್ತರ.

ನಿಜ ಹೇಳಲಾ? ಹುಮ್ಮಸ್ಸು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಅಲಾರಾಂ ಹೊಡೆದಾಗ ನನಗೂ ನಿದ್ದೆಯೇ ಬೇಕು. ಆದರೆ ಬೀಗದ ಕೈ ನನ್ನ ಹತ್ತಿರ ಇದೆ. ನಾನು ಹೋಗದಿದ್ದರೆ ಹಾಡುವ ಕ್ವಯರಿನವರು ಬಾಗಿಲ ಹೊರಗೆ ನಿಂತಿರುತ್ತಾರೆ. ಅಷ್ಟೇ.

"ನೀವು ಮಾರ್ಥಳ ಹಾಗೆ, ನಾವು ಮರಿಯಳ ಹಾಗೆ" ಅಂತ ನಗುವವರೂ ಇದ್ದಾರೆ. ಬೈಬಲಿನಲ್ಲಿ, ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ಮನೆಗೆ ಬಂದ ಯೇಸುವಿನ ಉಪಚಾರಕ್ಕೆ ಮಾರ್ಥ ಓಡಾಡುತ್ತಿದ್ದರೆ ಅವಳ ತಂಗಿ ಮರಿಯ ಯೇಸುವಿನ ಪಾದದ ಬಳಿ ಮಾತು ಕೇಳುತ್ತಾ ಕೂತಿದ್ದಳು, ಒಪ್ಪಿದೆ. ಫೋನ್ ನೋಡುತ್ತಾ ಕೂತಿರಲಿಲ್ಲ.

ನನಗೆ ಜಾಸ್ತಿ ಇಷ್ಟ ಬೈಬಲಿನದೇ ಇನ್ನೊಂದು ಪುಸ್ತಕ, ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ. ಮೊದಲ ಕಾಲದ ಕ್ರೈಸ್ತ ಸಭೆಯಲ್ಲಿ ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿರಲಿಲ್ಲ, ಗೊಣಗಾಟ ಶುರುವಾಯಿತು. ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದರೆ ಹನ್ನೆರಡು ಅಪೊಸ್ತಲರು, ಹುಮ್ಮಸ್ಸಿನ ಬಗ್ಗೆ ಪ್ರಸಂಗ ಮಾಡಲಿಲ್ಲ. ಒಳ್ಳೆ ಹೆಸರಿರುವವರನ್ನು ಆರಿಸಿ ಅಂದರು, ಕೆಲಸ ಒಪ್ಪಿಸಿದರು. ಏಳು ಜನಕ್ಕೆ! ನಮ್ಮಲ್ಲಾದರೆ ಆ ಏಳು ಜನರ ಕೆಲಸಕ್ಕೆ ಒಬ್ಬನನ್ನೇ ಹಿಡಿದು, ಅವನು ಸುಸ್ತಾಗಿ ಕೂತಾಗ "ಪಾಪ, ಮೊದಲಿನ ಉತ್ಸಾಹ ಇಲ್ಲ, ಪ್ರಾರ್ಥನೆ ಮಾಡಿ" ಅನ್ನುತ್ತಾರೆ.

ಕೇಳಲೇಬೇಕು ಅಂದರೆ, "ಯಾವತ್ತಾದರೂ ಬಿಟ್ಟುಬಿಡೋಣ ಅನ್ನಿಸಿತ್ತಾ?" ಅಂತ ಕೇಳಿ. ಅನ್ನಿಸುವುದೇನು, ಬಿಟ್ಟೇ ಬಿಟ್ಟಿದ್ದೆ. ಆಗ ಮೈಕ್ ಸೆಟ್ ಕೂಡ ನನ್ನದೇ ಜವಾಬ್ದಾರಿ. ಒಂದು ಕ್ರಿಸ್ಮಸ್ ಕಾರ್ಯಕ್ರಮದ ಕೊನೆಗೆ ವಂದನೆ ಹೇಳಿದವರು ಹೂವು ಜೋಡಿಸಿದವರಿಂದ ಹಿಡಿದು ಎಲ್ಲರ ಹೆಸರೂ ಓದಿ ನನ್ನದೊಂದನ್ನೇ ಬಿಟ್ಟರು, ಅದೂ ಐದು ನಿಮಿಷದ ಹಿಂದೆ ನಾನೇ ಸರಿಮಾಡಿಕೊಟ್ಟ ಮೈಕಿನಲ್ಲಿ. ಸಂಬಳ ಬೇಡ ಅನ್ನುತ್ತಿದ್ದವನಿಗೆ ಹೆಸರು ಬೇಕಿತ್ತು ಅಂತ ಅವತ್ತು ಗೊತ್ತಾಯಿತು.

ಬೆನ್ನು ನೋವು ಅಂತ ಸುಳ್ಳು ಹೇಳಿ ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತೆ. ಮೈಕು ಒಂದು ಸಲವಾದರೂ ಕುಯ್ ಅನ್ನಲಿ, ಎಲ್ಲರೂ ತಿರುಗಿ ನನ್ನನ್ನು ಹುಡುಕಲಿ ಅಂತ ಕಾಯುತ್ತಾ. (ಆ ಮೂರು ತಿಂಗಳ ಒಂದು ಬೋಧನೆಯೂ ನೆನಪಿಲ್ಲ.) ನನ್ನ ಜಾಗಕ್ಕೆ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಮೈಕು ಕುಯ್ ಅನ್ನಲೇ ಇಲ್ಲ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗದ ಹಾಗೆ ಸ್ಪೀಕರುಗಳನ್ನು ಮೈಕಿಗಿಂತ ಮುಂದಕ್ಕೆ ಎಳೆದಿಟ್ಟಿದ್ದಳು, ಅಷ್ಟೇ. ಅಷ್ಟು ವರ್ಷ ನಾನು ಸುಮ್ನೆ ವಾಲ್ಯೂಮ್ ಕಡಿಮೆ ಮಾಡುತ್ತಾ ಕೂತಿದ್ದೆ.

ಹೊಟ್ಟೆ ಉರಿಯಿತು. ಆಮೇಲೆ ಹಗುರವೂ ಆಯಿತು, ಆದರೆ ಅದಕ್ಕೆ ಸ್ವಲ್ಪ ದಿನ ಬೇಕಾಯಿತು.

ಈಗ ಮೈಕು ಅವಳದು. ಬೀಗದ ಕೈ, ಕುರ್ಚಿ ನನ್ನದು. ತಿಂಗಳಿಗೊಂದು ಭಾನುವಾರ ಬಾಯಿಬಿಟ್ಟು ಕೇಳಿ ರಜೆ ತೆಗೆದುಕೊಂಡಿದ್ದೇನೆ, ಅವತ್ತು ಮರಿಯಳ ಹಾಗೆ ಕೂರುವವನು ನಾನು. ಕುರ್ಚಿ ಹಾಕುವುದಕ್ಕೆ ಜನ ಬೇಕು. ಹುಮ್ಮಸ್ಸು ಇಲ್ಲದಿದ್ದರೂ ನಡೆಯುತ್ತದೆ, ಎಂಟು ಗಂಟೆಗೆ ಬನ್ನಿ.