ಒಳಗೆ ದಾರಿ ತಪ್ಪಲ್ವಾ?

ಪಾಳುಬಿದ್ದ ಕಲ್ಲುಗಣಿ ಒಳಗೆ ಫ್ರೆಂಡ್ಸ್ ಜೊತೆ ಓಡಾಡಿದ ಫೋಟೋ ಹಾಕಿದಾಗಲೆಲ್ಲ ಇದೇ ಪ್ರಶ್ನೆ, ಅಲ್ಲ ಮಾರಾಯ್ರೇ, ಒಳಗೆ ದಾರಿ ತಪ್ಪಲ್ವಾ ಅಂತ. ತಪ್ಪುತ್ತೆ. ನಮಗೇ ತಪ್ಪಿದೆ.

ಗಣಿ ಅಂದ್ರೆ ನೇರ ಹೋಗೋ ಒಂದು ಸುರಂಗ ಅಂದ್ಕೊಂಡಿರ್ತಾರೆ ಜನ. ಕಟ್ಟಡಕ್ಕೆ ಸುಣ್ಣದಕಲ್ಲು ತೆಗೆದಿರೋ ಗಣಿಗಳು ಸುಮಾರಾಗಿ ಹಾಗಿರಲ್ಲ, ಕಲ್ಲಿನ ಪದರ ಹೋದ ಕಡೆಗೆಲ್ಲ ಅಗೀತಾ ಹೋಗಿ, ಮೇಲಿಂದು ಕುಸೀದೇ ಇರ್ಲಿ ಅಂತ ನಡುನಡುವೆ ಕಲ್ಲನ್ನೇ ದಪ್ಪ ಕಂಬದ ತರ ಬಿಟ್ಟಿರ್ತಾರೆ, ಕಂಬ ಬಳಸಿದ್ರೆ ಇನ್ನೊಂದು ಕಂಬ, ಅದರಾಚೆ ಮತ್ತೊಂದು, ಎಲ್ಲಾ ಅವಳಿಜವಳಿ. ಜಿಪಿಎಸ್ ಅಂತೂ ಗಣಿ ಬಾಯಿ ಹತ್ರಾನೇ ಕೈ ಕೊಡುತ್ತೆ.

ಆವತ್ತು ನಾವು ನಾಲ್ಕು ಜನ. ತಿರುವಿಗೊಂದು ರಿಫ್ಲೆಕ್ಟರ್ ಇಟ್ಕೊಂಡೇ ಹೋಗ್ತಿದ್ವಿ, ವಾಪಸ್ ಬರೋವಾಗ ಎತ್ಕೊಳ್ಳೋದು. ಒಂದ್ಕಡೆ ಗೋಡೆ ಮೇಲೆ ಕಲ್ಲಿನ ಲೆಕ್ಕ ಗೀಚಿದ್ರು, ಮಸಿಯಲ್ಲಿ ಸಾಲಾಗಿ ನಾಲ್ಕು ಗೀಟು, ಮೇಲೆ ಅಡ್ಡ ಒಂದು, ನಿನ್ನೆ ಬರೆದ ಹಾಗಿತ್ತು. ಅದನ್ನ ನೋಡ್ತಾ ನೋಡ್ತಾ ಮುಂದೆ ಹೋದವನು ನಾನೇ, ರಿಫ್ಲೆಕ್ಟರ್ ಚೀಲದಲ್ಲೇ ಉಳೀತು. ಸ್ವಲ್ಪ ಹೊತ್ತಿಗೆ ಕೆಸರಲ್ಲಿ ಹಸಿ ಹೆಜ್ಜೆ ಕಾಣ್ತು. "ಯಾರೋ ನಮಗಿಂತ ಮುಂಚೆ ಬಂದಿದ್ದಾರೆ ಕಣೋ" ಅಂದ ಒಬ್ಬ, ಖುಷಿಯಿಂದ. ಬಗ್ಗಿ ಲೈಟ್ ಹಾಕಿದ್ರೆ ಎಡಗಾಲಿನ ಹಿಮ್ಮಡಿ ತುದಿ ಕಿತ್ತೋಗಿದೆ. ಅದು ಅವನದ್ದೇ ಬೂಟು.

ಪ್ಯಾರಿಸ್ ಊರಡಿಯ ಹಳೇ ಕಲ್ಲುಗಣಿಗಳ ಕಥೆ ನೆನಪಾಗೋಕೆ ಅದಕ್ಕಿಂತ ಕೆಟ್ಟ ಟೈಮ್ ಇಲ್ಲ. ಫಿಲಿಬೆರ್ ಆಸ್ಪೇರ್ ಅಂತ ಒಬ್ಬ, ಅಲ್ಲಿನ ವಾಲ್-ದ-ಗ್ರಾಸ್ ಆಸ್ಪತ್ರೆಯಲ್ಲಿ ಬಾಗಿಲು ಕಾಯ್ತಿದ್ದವನು, 1793ರಲ್ಲಿ ಒಳಗೆ ಹೋಗಿ ವಾಪಸ್ ಬರ್ಲೇ ಇಲ್ಲ. 1804ರಲ್ಲಿ ಹೆಣ ಸಿಕ್ತು, ಸೊಂಟದ ಬೀಗದ ಕೈ ಗೊಂಚಲಿಂದ ಗುರುತು ಹಿಡಿದ್ರಂತೆ, ಹೊರದಾರಿ ಹತ್ರಾನೇ ಇತ್ತಂತೆ. ಮುಂದೆ ಅಲ್ಲಿ ನೋಡೋಕೆ ಬರೋರಿಗೆ ಅಂತ ಚಾವಣಿ ಮೇಲೆ ಕಪ್ಪು ಗೆರೆ ಎಳೆದ್ರು.

ನಮಗೆ ಗೆರೆ ಇರ್ಲಿಲ್ಲ. ಕೂತ್ವಿ, ಒಂದೇ ಲೈಟ್ ಉಳಿಸಿ ಮಿಕ್ಕಿದ್ದು ಆಫ್ ಮಾಡಿದ್ವಿ. ಆಮೇಲೆ ಹೆಜ್ಜೆನೇ ಹಿಡ್ಕೊಂಡು ಹಿಂದಕ್ಕೆ ನಡೆದ್ರೆ, ಆಗ್ಲೇ ಎರಡು ಸಲ ದಾಟಿದ್ದ ಒಂದು ಕಂಬದ ಹಿಂಭಾಗದಲ್ಲಿ ದೀಪ ಇಡೋ ಪುಟ್ಟ ಗೂಡು, ಮೇಲೆ ಮಸಿ, ಒಳಗೆ ಬರೋವಾಗ ನಾನೇ ಫೋಟೋ ತೆಗೆದಿದ್ದು! ಈ ಕಡೆಯಿಂದ ನೋಡಿದ್ರೆ ಬೇರೇನೇ ಕಂಬ ಅದು. ಈಗ ಪ್ರತಿ ತಿರುವಲ್ಲೂ ನಿಂತು ತಿರುಗಿ ನೋಡ್ತೀನಿ, ಫೋಟೋನೂ ವಾಪಸ್ ಬರೋ ದಿಕ್ಕಿನದ್ದೇ.

ಕಲ್ಲು ಬೀಳಲ್ವಾ, ಉಸಿರು ಕಟ್ಟಲ್ವಾ ಅಂತಾನೂ ಕೇಳ್ತಾರೆ. ಚಾವಣಿ ಬಿರುಕು ಬಿಟ್ಟು ಕೆಳಗೆ ಹೊಸ ಕಲ್ಲು ಬಿದ್ದಿದ್ರೆ ಅಲ್ಲಿಂದಲೇ ವಾಪಸ್. ಗ್ಯಾಸ್ ಮೀಟರ್ ಇದೆ, ಗಾಳಿಯಲ್ಲಿ ಆಕ್ಸಿಜನ್ ಮಾಮೂಲಿ ಶೇಕಡಾ 20.9 ಇರೋದು 19.5ಕ್ಕೆ ಇಳಿದ್ರೆ ಕೂಗುತ್ತೆ, ಕೂಗಿದ್ರೆ ವಾದ ಇಲ್ಲ. ಪರ್ಮಿಷನ್ ಇಲ್ದೆ ಇಳಿಯೋದೂ ಇಲ್ಲ.

ಹೊರಗೆ ಒಬ್ರಿಗೆ ಟೈಮ್ ಹೇಳಿರ್ತೀವಿ, ಅಷ್ಟರೊಳಗೆ ಫೋನ್ ಬರ್ಲಿಲ್ಲ ಅಂದ್ರೆ ರೆಸ್ಕ್ಯೂಗೆ ತಿಳಿಸೋಕೆ. ಆವತ್ತು ಗಣಿ ಬಾಯಿಗೆ ಬಂದಾಗ ಉಳಿದಿದ್ದು ಹದಿನೈದು ನಿಮಿಷ, ಸಿಗ್ನಲ್ ಸಿಗೋ ದಿಬ್ಬದವರೆಗೆ ನಾಲ್ಕೂ ಜನ ಓಡಿದ್ವಿ, ಕಿತ್ತೋದ ಬೂಟಿನವನೇ ಮುಂದೆ.