ಗೇರ್ ಹಾಕಿದ ಕೂಡಲೇ ಗಾಡಿ ಆಫ್ ಆದರೆ

ಕಳೆದ ಮಳೆಗಾಲದಲ್ಲಿ ಉಡುಪಿಯಿಂದ ತೀರ್ಥಹಳ್ಳಿಗೆ ಬೈಕಿನಲ್ಲಿ ವಾಪಸ್ ಬರುತ್ತಿದ್ದೆವು. ಹಿಂದೆ ಭಾವ ಕೂತಿದ್ದರು. ಘಾಟಿ ಹತ್ತುವ ಮೊದಲು ಸೋಮೇಶ್ವರದಲ್ಲಿ ಚಹಾಕ್ಕೆ ನಿಂತೆವು. ಮೇಲೆ ಆಗುಂಬೆಯ 14 ತಿರುವುಗಳು ಬಾಕಿ. ಮಳೆ ಬಿಡುವ ಲಕ್ಷಣವೇ ಇರಲಿಲ್ಲ.

ಹೊರಡುವಾಗ ಗಾಡಿ ಸ್ಟಾರ್ಟ್ ಆಯಿತು. ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದೆ, ಆಫ್. ನ್ಯೂಟ್ರಲ್‌ಗೆ ತಂದರೆ ಮತ್ತೆ ಆರಾಮಾಗಿ ಓಡುತ್ತದೆ. ಮೂರು ಸಲವೂ ಹೀಗೇ ಆಯಿತು.

“ಎಂತಾಯ್ತು ಮಾರಾಯ, ಪೆಟ್ರೋಲ್ ಖಾಲಿಯಾ?” ಅಂದರು ಭಾವ.

ಪೆಟ್ರೋಲ್ ಮುಗಿದಿದ್ದರೆ ನ್ಯೂಟ್ರಲ್‌ನಲ್ಲೂ ನಿಲ್ಲಬೇಕಿತ್ತು, ಅಲ್ವಾ? ಗೇರ್ ಹಾಕಿದಾಗ ಮಾತ್ರ ನಿಂತರೆ ಮೊದಲು ನೋಡಬೇಕಾದದ್ದು ಸೈಡ್ ಸ್ಟ್ಯಾಂಡ್ ಸ್ವಿಚ್. ಸ್ಟ್ಯಾಂಡ್ ಇಳಿದೇ ಇದೆ ಅಂತ ಈ ಸ್ವಿಚ್ ಅಂದುಕೊಂಡರೆ ಗೇರಿನಲ್ಲಿ ಎಂಜಿನ್ ಓಡಲು ಬಿಡುವುದಿಲ್ಲ. ಮೊಬೈಲ್ ಬೆಳಕು ಹಿಡಿದು ಬಗ್ಗಿ ನೋಡಿದೆ. ಸ್ಟ್ಯಾಂಡ್ ಸರಿಯಾಗಿಯೇ ಮಡಚಿತ್ತು. ಆದರೆ ಸ್ವಿಚ್ಚಿನ ಪುಟ್ಟ ಗುಂಡಿ ಕೆಂಪು ಕೆಸರಲ್ಲಿ ಸಿಕ್ಕಿ ಅಲುಗಾಡದೆ ಕೂತಿತ್ತು. ಬಾಟಲಿ ನೀರು ಸುರಿದು, ಕಡ್ಡಿಯಲ್ಲಿ ಮೆಲ್ಲಗೆ ಕೆದಕಿ, ಸ್ಟ್ಯಾಂಡನ್ನು ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಿದೆ. ಗುಂಡಿ ಟಕ್ ಅಂತ ಬಿಟ್ಟುಕೊಂಡಿತು. ಆಮೇಲೆ ಗೇರ್ ಹಾಕಿದರೆ ಗಾಡಿ ಹೊರಟೇಬಿಟ್ಟಿತು.

ಈ ಸ್ವಿಚ್ಚಿನ ವೈರ್ ಕತ್ತರಿಸಿ ನೇರ ಜೋಡಿಸಿಬಿಡಿ ಅಂತ ಸಲಹೆ ಕೊಡುವವರು ಜಾಸ್ತಿ. ದಯವಿಟ್ಟು ಬೇಡ. ಸ್ಟ್ಯಾಂಡ್ ಇಳಿದಿರುವುದು ಮರೆತು ಎಡಕ್ಕೆ ವಾಲಿಸಿದರೆ ಅದು ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಎಸೆಯಬಹುದು. ಘಾಟಿ ತಿರುವಿನಲ್ಲಿ ಹಾಗಾದರೆ ಏನು ಗತಿ?

ಕೆಸರಿನ ಕಾಟ ಚೈನಿಗೂ ತಪ್ಪಿದ್ದಲ್ಲ. ನಮ್ಮ ಕಡೆಯ ಮಣ್ಣು ಚೈನಿನ ಎಣ್ಣೆಗೆ ಕೂಡಿದರೆ ಉಪ್ಪುಕಾಗದದ ಹಾಗೆ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲುಚಕ್ರದ, ಹಲ್ಲನ್ನು ಸವೆಸುತ್ತದೆ. ಬೇಸಿಗೆಯಲ್ಲಿ ಸುಮಾರು 500 ಕಿ.ಮೀ.ಗೊಮ್ಮೆ ಲ್ಯೂಬ್ (ಚೈನಿನ ಎಣ್ಣೆ) ಹಾಕುತ್ತೇನೆ. ಮಳೆಗಾಲದಲ್ಲಿ ಲೆಕ್ಕ ಇಡುವುದಿಲ್ಲ, ನೆಂದು ಬಂದ ದಿನವೇ ಆಗಬೇಕು. ಎಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಎಂಜಿನ್ ಓಡಿಸಿಕೊಂಡು ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಬಟ್ಟೆಗೆ ಸೀಮೆಎಣ್ಣೆ ಸಾಕು, ಪೆಟ್ರೋಲ್ ಬೇಡ. ಅದು ಚೈನಿನೊಳಗಿನ ರಬ್ಬರ್ ರಿಂಗುಗಳನ್ನು ಹಾಳು ಮಾಡುತ್ತದೆ. ಒರೆಸಿ ಒಣಗಿದ ಮೇಲೆ ಚೈನಿನ ಒಳಮೈಗೆ ಲ್ಯೂಬ್ ಹಾಕಿ ರಾತ್ರಿಯಿಡೀ ಬಿಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಸಡಿಲ ಎಷ್ಟಿದೆ ಅಂತ ಒಂದೇ ಕಡೆ ನೋಡಿದರೆ ಸಾಲದು. ಸವೆದ ಚೈನು ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಜೋಲು. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿಯಾದ ಜಾಗಕ್ಕೆ ಅಳತೆ ಇಡಬೇಕು.

ಬ್ರೇಕ್ ಆಯಿಲ್ ಮಾತ್ರ 2 ವರ್ಷಕ್ಕೊಮ್ಮೆ ಬದಲಿಸಿಬಿಡಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಬಿಸಿ ಏರಿ ಲಿವರ್ ಮೆತ್ತಗಾಗುವುದು ಅದಕ್ಕೇ.

ಈಗ ಟೂಲ್ ಕಿಟ್‌ನಲ್ಲಿ ಸ್ಪ್ಯಾನರ್ ಜೊತೆ ಒಂದು ಹಳೇ ಟೂತ್‌ಬ್ರಷ್ ಇದೆ. ಸೋಮೇಶ್ವರದಲ್ಲಿ ನಿಂತಾಗ, ಚಹಾ ಬರುವಷ್ಟರಲ್ಲಿ, ಆ ಗುಂಡಿಯ ಸುತ್ತ ಒಮ್ಮೆ ಉಜ್ಜಿಬಿಡುತ್ತೇನೆ.